ಆಸ್ಪತ್ರೆ ಬಿಲ್ಲು ಕಲೆಕ್ಷನ್‌ಗೆ ಹೋದಾಗ ನಾನು ಮಾಡಿದ್ದು

ಅಮೆರಿಕದ ಡಲ್ಲಾಸ್ ಹತ್ತಿರ ಮನೆ ಕೊಳ್ಳಲು ಸಾಲಕ್ಕೆ ಅರ್ಜಿ ಹಾಕಿದ್ದೆವು. ಲೋನ್ ಆಫೀಸರ್ ಫೋನ್ ಮಾಡಿ, ನಿಮ್ಮ ಕ್ರೆಡಿಟ್ ರಿಪೋರ್ಟಿನಲ್ಲಿ ಒಂದು ಮೆಡಿಕಲ್ ಕಲೆಕ್ಷನ್ (ವಸೂಲಿಗೆ ಹೋದ ಆಸ್ಪತ್ರೆ ಬಾಕಿ) ಇದೆ, ಕಟ್ಟಿಬಿಡಿ, ಅಳಿಸಿಹೋಗುತ್ತದೆ ಎಂದರು. ಸಾವಿರದ ಎಂಟುನೂರು ಡಾಲರ್ ಚಿಲ್ಲರೆ. ಅವರು ಹೇಳಿದ್ದು ಸುಳ್ಳಲ್ಲ. 2022ರ ಜುಲೈನಿಂದ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರೂ ಕ್ರೆಡಿಟ್ ಬ್ಯೂರೋಗಳಲ್ಲಿ, ದುಡ್ಡು ಕಟ್ಟಿ ಮುಗಿಸಿದ ಮೆಡಿಕಲ್ ಕಲೆಕ್ಷನ್ ರಿಪೋರ್ಟಿನಲ್ಲಿ ಉಳಿಯುವುದಿಲ್ಲ. ಆದರೆ ನನಗಿದ್ದ ಪ್ರಶ್ನೆಯೇ ಬೇರೆ. ಈ ದುಡ್ಡು ನಾನು ಕೊಡಬೇಕಾದದ್ದು ಹೌದಾ? ಅದು ಗೊತ್ತಾಗದೆ ಒಂದು ಡಾಲರ್ ಕೂಡ ಕಟ್ಟಬಾರದು ಅಂತ ನಿರ್ಧರಿಸಿದೆ. ಮನೆ ಕೈತಪ್ಪುವ ಭಯ ಇತ್ತು, ಆದರೂ.

ನಮ್ಮೂರಿಂದ ಬಂದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಅಲ್ಲಿ ಸಿಬಿಲ್ ಅಂದರೆ ಬ್ಯಾಂಕ್ ಸಾಲ, ಕ್ರೆಡಿಟ್ ಕಾರ್ಡ್. ಆಸ್ಪತ್ರೆ ಬಿಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಇಲ್ಲಿ ಹಾಗಲ್ಲ. ಬಿಲ್ಲು ಕಟ್ಟದಿದ್ದರೆ ಆಸ್ಪತ್ರೆ ಅಥವಾ ಡಾಕ್ಟರ ಕಂಪನಿ ಅದನ್ನು ಬಾಕಿ ವಸೂಲಿ ಮಾಡುವ ಕಲೆಕ್ಷನ್ ಏಜೆನ್ಸಿಗೆ ಒಪ್ಪಿಸಬಹುದು. ಒಂದು ವರ್ಷವಾದರೂ ತೀರದಿದ್ದರೆ, ಮೊತ್ತ 500 ಡಾಲರ್ ಇದ್ದರೆ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಅದು ರಿಪೋರ್ಟಿಗೆ ಬರಬಹುದು. 500ಕ್ಕಿಂತ ಕಡಿಮೆ ಇರುವುದನ್ನು 2023ರ ಏಪ್ರಿಲ್‌ನಲ್ಲಿ ಮೂರೂ ಬ್ಯೂರೋಗಳು ತೆಗೆದುಹಾಕಿವೆ. ಈಗ ಮೆಡಿಕಲ್ ಸಾಲ ರಿಪೋರ್ಟಿಗೆ ಬರುವುದೇ ಇಲ್ಲವಲ್ಲ ಅಂತ ಗೆಳೆಯರು ಆಗಾಗ ಹೇಳುತ್ತಾರೆ. 2025ರ ಜನವರಿಯಲ್ಲಿ ಫೆಡರಲ್ ಸರ್ಕಾರದ ಸಿಎಫ್‌ಪಿಬಿ, ಅಂದರೆ ಗ್ರಾಹಕರ ಹಣಕಾಸು ರಕ್ಷಣೆಯ ಸಂಸ್ಥೆ, ಅಂಥ ನಿಯಮ ತಂದದ್ದು ನಿಜ. ಅದೇ ವರ್ಷ ಜುಲೈನಲ್ಲಿ ಟೆಕ್ಸಸ್‌ನ ಫೆಡರಲ್ ಕೋರ್ಟು ಅದನ್ನು ರದ್ದು ಮಾಡಿತು. ನ್ಯೂಯಾರ್ಕ್, ಕೊಲೊರಾಡೊದಂಥ ಕೆಲವು ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡಿವೆ. ಟೆಕ್ಸಸ್‌ನಲ್ಲಿರುವ ನನಗೆ ಆ ರಕ್ಷಣೆ ಇರಲಿಲ್ಲ.

ಮೊದಲು ಮೂರೂ ಬ್ಯೂರೋಗಳ ರಿಪೋರ್ಟ್ ತೆಗೆದೆ. ಆನ್ಯುಯಲ್‌ಕ್ರೆಡಿಟ್‌ರಿಪೋರ್ಟ್ ಡಾಟ್ ಕಾಮ್‌ನಲ್ಲಿ ವಾರಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಏಜೆನ್ಸಿಯ ಹೆಸರು, ಮೊತ್ತ ಇತ್ತು. ಯಾವ ಡಾಕ್ಟರು, ಯಾವ ಚಿಕಿತ್ಸೆ ಅಂತ ಇರಲಿಲ್ಲ. ರೋಗಿಯ ಗುಟ್ಟು ಕಾಪಾಡಲು ಕಾನೂನೇ ಆ ಹೆಸರು ಮುಚ್ಚಿಡಲು ಹೇಳುತ್ತದೆ. ಹಾಗಾಗಿ ಏಜೆನ್ಸಿಯನ್ನೇ ಕೇಳಬೇಕು. ಫೋನಿನಲ್ಲಿ ಕೇಳಲಿಲ್ಲ. ಪತ್ರ ಬರೆದು, ಪೋಸ್ಟಾಫೀಸಿನಲ್ಲಿ ಸರ್ಟಿಫೈಡ್ ಮೇಲ್ ಮಾಡಿಸಿ, ತಲುಪಿದ್ದಕ್ಕೆ ರಸೀದಿ ಬರುವಂತೆ ಕಳಿಸಿದೆ. ಈ ಸಾಲವನ್ನು ನಾನು ಒಪ್ಪುವುದಿಲ್ಲ, ಮೂಲ ಯಾರದು, ಯಾವ ದಿನದ ಸೇವೆ, ಬಾಬ್ತುವಾರು ಲೆಕ್ಕ ಕೊಡಿ. ಇಷ್ಟೇ. ಅವರ ಮೊದಲ ನೋಟಿಸು ಬಂದ 30 ದಿನದೊಳಗೆ ಹೀಗೆ ಬರೆದರೆ, ಪುರಾವೆ ಕಳಿಸುವವರೆಗೆ ಅವರು ವಸೂಲಿ ನಿಲ್ಲಿಸಲೇಬೇಕು. 1977ರ ವಸೂಲಿ ಕಾನೂನಿನಲ್ಲಿ ಅದು ಇದೆ. ನನ್ನ ನೋಟಿಸು ನಾವು ಬಿಟ್ಟುಬಂದ ಅಪಾರ್ಟ್‌ಮೆಂಟಿಗೆ ಹೋಗಿತ್ತು, ಆ ಗಡುವು ದಾಟಿತ್ತು. ಆದರೂ ಬರೆಯಬಹುದು, ಬರೆಯಬೇಕು. ಉತ್ತರ ಬಂತು.

ಅದರಲ್ಲಿದ್ದ ತಾರೀಖು ನೋಡಿದ ಕೂಡಲೇ ನೆನಪಾಯಿತು. ಕಿಡ್ನಿ ಕಲ್ಲಿನ ನೋವು ತಡೆಯಲಾರದೆ ರಾತ್ರಿ ಎಮರ್ಜೆನ್ಸಿಗೆ ಹೋಗಿದ್ದೆ. ಆ ತಿಂಗಳೇ ಕೆಲಸ ಬದಲಾಗಿತ್ತು, ಇನ್ಶೂರೆನ್ಸೂ ಬದಲಾಗಿತ್ತು. ಆಸ್ಪತ್ರೆಗೆ ಹೊಸ ಕಾರ್ಡು ಕೊಟ್ಟಿದ್ದೆ. ಆಸ್ಪತ್ರೆಯ ಬಿಲ್ಲು ಹೊಸ ಇನ್ಶೂರೆನ್ಸಿಗೆ ಸರಿಯಾಗಿ ಹೋಗಿ, ನನ್ನ ಪಾಲು ನಾನು ಕಟ್ಟಿಯೂ ಆಗಿತ್ತು. ಆದರೆ ಇಲ್ಲಿ ಎಮರ್ಜೆನ್ಸಿಯಲ್ಲಿ ನೋಡುವ ಡಾಕ್ಟರು ಎಷ್ಟೋ ಕಡೆ ಆಸ್ಪತ್ರೆಯ ನೌಕರರಲ್ಲ. ಅವರದ್ದೇ ಬೇರೆ ಕಂಪನಿ, ಬೇರೆ ಬಿಲ್ಲಿಂಗ್ ಆಫೀಸು. ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್‌ದು ಇನ್ನೊಂದು ಇರಬಹುದು. ಈ ಡಾಕ್ಟರ ಕಂಪನಿಯವರು ಹಳೇ ಇನ್ಶೂರೆನ್ಸಿಗೆ ಬಿಲ್ಲು ಕಳಿಸಿದ್ದರು. ಪಾಲಿಸಿ ಮುಗಿದಿದೆ ಅಂತ ವಾಪಸ್ ಬಂದಿತ್ತು. ಆಮೇಲೆ ಅಷ್ಟೂ ಮೊತ್ತ ನನ್ನ ತಲೆಗೆ.

ಇನ್ಶೂರೆನ್ಸ್ ಕಂಪನಿ ಪ್ರತಿ ಕ್ಲೇಮಿಗೂ ಒಂದು ಲೆಕ್ಕದ ಹಾಳೆ ಕಳಿಸುತ್ತದೆ. ಇಓಬಿ ಅನ್ನುತ್ತಾರೆ. ಇದು ಬಿಲ್ಲಲ್ಲ ಅಂತ ಅದರ ಮೇಲೆ ಬರೆದಿರುತ್ತದೆ, ಅದಕ್ಕೇ ಜನ ಓದದೆ ಬಿಸಾಡುತ್ತಾರೆ. ನಾನು ಆ ದಿನದ ಇಓಬಿಗಳನ್ನೆಲ್ಲ ಹುಡುಕಿದೆ. ಡಾಕ್ಟರ ಕಂಪನಿಯದ್ದು ಇರಲೇ ಇಲ್ಲ. ಹೊಸ ಇನ್ಶೂರೆನ್ಸಿನವರಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿದೆ. ಈ ಕಂಪನಿಯಿಂದ ಆ ತಾರೀಖಿನ ಕ್ಲೇಮ್ ನಿಮಗೆ ಬಂದಿದೆಯಾ? ಅವರು ನಿಮ್ಮ ನೆಟ್‌ವರ್ಕಿನವರಾ, ಅಂದರೆ ನಿಮ್ಮ ಜೊತೆ ಒಪ್ಪಂದ ಇರುವವರಾ? ಕ್ಲೇಮ್ ಬಂದಿಲ್ಲ, ನೆಟ್‌ವರ್ಕಿನವರು ಹೌದು ಎಂದರು. ನನ್ನ ಕೇಸು ನಿಂತದ್ದೇ ಈ ಉತ್ತರದ ಮೇಲೆ. ನೆಟ್‌ವರ್ಕಿನ ಡಾಕ್ಟರು ಒಪ್ಪಂದದ ಗಡುವಿನೊಳಗೆ ಕ್ಲೇಮ್ ಕಳಿಸಬೇಕು. ತಡ ಮಾಡಿದರೆ ನಷ್ಟ ಅವರದ್ದು. ಆ ದುಡ್ಡನ್ನು ರೋಗಿಯಿಂದ ಕೇಳದಂತೆ ಒಪ್ಪಂದವೇ ತಡೆಯುತ್ತದೆ.

ಡಾಕ್ಟರ ಕಂಪನಿಯ ಬಿಲ್ಲಿಂಗ್ ಆಫೀಸಿಗೆ ಫೋನ್ ಮಾಡಿ, ಹೊಸ ಇನ್ಶೂರೆನ್ಸಿಗೆ ಕ್ಲೇಮ್ ಕಳಿಸಿ ಎಂದೆ. ಅವರು ಮೊದಲು ಒಪ್ಪಲಿಲ್ಲ. ಗಡುವು ಮುಗಿದಿದೆ, ಈಗ ಕಳಿಸಿ ಏನು ಪ್ರಯೋಜನ ಎಂದರು. ನನಗೆ ಬೇಕಾಗಿದ್ದು ಅದೇ ತಾನೆ, ತಡ ಆಯಿತು ಅಂತ ಕಾಗದದ ಮೇಲೆ ಬರುವುದು! ಇನ್ಶೂರೆನ್ಸಿನವರನ್ನೇ ಅದೇ ಫೋನಿಗೆ ಸೇರಿಸಿಕೊಂಡೆ. ಕೇಳಿದರೆ ಅವರು ಮೂರು ಜನರ ಕಾಲ್ ಮಾಡಿಕೊಡುತ್ತಾರೆ. ಕ್ಲೇಮ್ ಹೋಯಿತು, ನಿರೀಕ್ಷೆಯಂತೆ ತಿರಸ್ಕಾರ ಆಯಿತು. ಕೋಡು ಸಿಓ 29, ಅಂದರೆ ಗಡುವು ಮೀರಿದೆ. ಸಿಓ ಇದ್ದರೆ ಅದು ಡಾಕ್ಟರ ಒಪ್ಪಂದದ ಬಾಧ್ಯತೆ. ಪಿಆರ್ ಅಂತ ಶುರುವಾದರೆ ಮಾತ್ರ ರೋಗಿಯ ಪಾಲು. ನಿಮ್ಮ ಬಿಲ್ಲು ತಿರಸ್ಕಾರವಾಗಿದ್ದರೆ ಕೋಡು ಯಾವುದು ಅಂತ ಕೇಳಿ ಬರೆದುಕೊಳ್ಳಿ. ನನಗೆ ಬಂದ ಇಓಬಿಯಲ್ಲಿ ನೀವು ಕೊಡಬೇಕಾದದ್ದು 0 ಅಂತ ಅಚ್ಚಾಗಿತ್ತು.

ಆ ಹಾಳೆ ಸಿಕ್ಕ ಮೇಲೆ ಮಿಕ್ಕಿದ್ದು ಸುಲಭವಾಯಿತು. ಬಿಲ್ಲಿಂಗ್ ಮ್ಯಾನೇಜರಿಗೆ ಕಳಿಸಿ, ಖಾತೆಯನ್ನು ಏಜೆನ್ಸಿಯಿಂದ ವಾಪಸ್ ತೆಗೆದುಕೊಳ್ಳಿ ಅಂತ ಬರೆದೆ. ಏಜೆನ್ಸಿಗೂ, ಮೂರು ಬ್ಯೂರೋಗಳಿಗೂ ಅದರ ಪ್ರತಿ ಕಳಿಸಿದೆ. ಪರಿಶೀಲಿಸಿ ಉತ್ತರಿಸಲು ಬ್ಯೂರೋಗಳಿಗೆ ಸಾಮಾನ್ಯವಾಗಿ 30 ದಿನದ ಗಡುವು. ಎರಡು ಕಡೆ ಅಳಿಸಿದರು. ಮೂರನೆಯವರು ಪರಿಶೀಲಿಸಿದ್ದೇವೆ, ಸರಿಯಾಗಿಯೇ ಇದೆ ಎಂದು ಬರೆದರು. ಬೇಜಾರಾಯಿತು, ಆದರೆ ಸುಮ್ನೆ ಕೂರಲಿಲ್ಲ. ಸಿಎಫ್‌ಪಿಬಿ ವೆಬ್‌ಸೈಟಿನಲ್ಲಿ ಆ ಬ್ಯೂರೋ ಮೇಲೆ ದೂರು ಹಾಕಿ, ಅದೇ ಇಓಬಿ ಲಗತ್ತಿಸಿದೆ. ಆಮೇಲೆ ಅಲ್ಲೂ ಹೋಯಿತು.

ನಿಜವಾಗಿ ಕೊಡಬೇಕಾದ ಬಿಲ್ಲೇ ಆಗಿದ್ದರೆ ದಾರಿ ಬೇರೆ. ಲಾಭರಹಿತ ಆಸ್ಪತ್ರೆಗಳು ಕಡಿಮೆ ಆದಾಯದವರಿಗೆ ನೆರವಿನ ಯೋಜನೆ ಇಡಲೇಬೇಕು. ಮೊದಲ ಬಿಲ್ಲಿನಿಂದ 240 ದಿನದವರೆಗೆ ಅರ್ಜಿ ತೆಗೆದುಕೊಳ್ಳಬೇಕು. ಕೆಲಸ ಹೋದ ಸ್ನೇಹಿತರಿಗೆ ಇದನ್ನು ಮೊದಲು ಹೇಳುತ್ತೇನೆ. ನೆಟ್‌ವರ್ಕಿನ ಹೊರಗಿನ ಡಾಕ್ಟರು ಎಮರ್ಜೆನ್ಸಿಯಲ್ಲಿ ನೋಡಿದ್ದರೆ 2022ರಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಕಾನೂನು ರಕ್ಷಣೆ ಕೊಡುತ್ತದೆ. ರಸ್ತೆಯ ಆಂಬುಲೆನ್ಸಿಗೆ ಮಾತ್ರ ಅದು ಅನ್ವಯಿಸುವುದಿಲ್ಲ. ಇದು ನನಗೆ ಇಂದಿಗೂ ಅನ್ಯಾಯ ಅನ್ನಿಸುತ್ತದೆ. ಪ್ರಾಣ ಹೋಗುವಾಗ ಯಾರು ನೆಟ್‌ವರ್ಕ್ ನೋಡುತ್ತಾರೆ?

ಮನೆ ಸಾಲದವರು ಕಾಯುತ್ತಿದ್ದರೆ ರ‍್ಯಾಪಿಡ್ ರೀಸ್ಕೋರ್ ಕೇಳಿ. ಕಾಗದ ತೋರಿಸಿದರೆ ಅವರೇ ಬ್ಯೂರೋಗೆ ಹೇಳಿ ಕೆಲವು ದಿನದಲ್ಲಿ ಸ್ಕೋರ್ ಹೊಸದು ಮಾಡಿಸುತ್ತಾರೆ. ನಾವು ನೇರವಾಗಿ ಮಾಡಿಸಲು ಬರುವುದಿಲ್ಲ. ನಮ್ಮ ಸಾಲ ಹಾಗೆ ಪಾಸಾಯಿತು. ಏಜೆನ್ಸಿ ಕೊಟ್ಟ, ಖಾತೆ ಮುಚ್ಚಿದ್ದೇವೆ ಎನ್ನುವ ಪತ್ರ ಮತ್ತು ಇಓಬಿ ಎರಡನ್ನೂ ಮನೆಪತ್ರದ ಜೊತೆಗೇ ಇಟ್ಟಿದ್ದೇನೆ. ಮುಚ್ಚಿದ ಖಾತೆಯೇ ಮುಂದೆ ಇನ್ನೊಂದು ಏಜೆನ್ಸಿಯ ಹೆಸರಲ್ಲಿ ತಲೆ ಎತ್ತಿದರೆ ಅವು ಬೇಕಾಗುತ್ತವೆ.