ಬೀಫ್ ರೇಟ್ ಕೈಗೆ ಸಿಗ್ತಿಲ್ವಾ? ಅಮೆರಿಕದಲ್ಲಿರೋ ನಮ್ಮೋರು ಬಾಡೂಟ ಬಿಡ್ದೇ ಖರ್ಚು ಇಳಿಸೋದು ಹೀಗೆ

ಅಮೆರಿಕದಲ್ಲಿ ಈಗ ಯಾವ ಅಂಗಡಿಗೆ ಹೋದ್ರೂ ಮೀಟ್ ಸೆಕ್ಷನ್ ಮುಂದೆ ಜನ ಪ್ಯಾಕೆಟ್ ಎತ್ಕೊಳ್ತಾರೆ, ಸ್ಟಿಕರ್ ನೋಡ್ತಾರೆ, ಸುಮ್ನೆ ವಾಪಸ್ ಇಡ್ತಾರೆ. 2020ರ ಶುರುವಲ್ಲಿ ಪೌಂಡಿಗೆ 4 ಡಾಲರ್ ಒಳಗೇ ಸಿಕ್ತಿದ್ದ ಗ್ರೌಂಡ್ ಬೀಫ್, ಅಂದ್ರೆ ನಮ್ಮ ಕೈಮ, 2025ರ ಜೂನ್‌ನಲ್ಲಿ ಮೊದಲನೇ ಸಲ ಸರಾಸರಿ 6 ಡಾಲರ್ ದಾಟ್ತು, ಆಗಸ್ಟ್ ಹೊತ್ತಿಗೆ 6.30 ಮೇಲೆ ಹೋಯ್ತು. ಕೇಜಿ ಲೆಕ್ಕದಲ್ಲಿ ಹತ್ತಹತ್ರ 14 ಡಾಲರ್ ಆಯ್ತು, ದಪ್ಪ ಹೋಳು ಮಾಡಿ ಹಾಗೇ ಹುರಿಯೋ ಸ್ಟೇಕ್ ರೇಟ್ ಅಂತೂ ಕೇಳ್ಲೇಬೇಡಿ. ಬೀಫ್ ತಿನ್ನೋದು ಸರಿನಾ ತಪ್ಪಾ ಅನ್ನೋ ಜಗಳ ಇಲ್ಲಿ ಬೇಡ, ಇದು ತಿನ್ನೋರಿಗೆ ಮಾತ್ರ.

"ಸ್ವಲ್ಪ ದಿನ ಕಾಯೋಣ, ಇಳಿಯುತ್ತೆ" ಅಂತ ಕೂತಿದ್ರೆ ಕಾಯ್ತಾನೇ ಇರ್ಬೇಕಾಗುತ್ತೆ. ಯಾಕಂದ್ರೆ ದನಗಳೇ ಇಲ್ಲ. 2025ರ ಜನವರಿ 1ಕ್ಕೆ ಇಡೀ ದೇಶದಲ್ಲಿದ್ದಿದ್ದು 8.67 ಕೋಟಿ ದನ, 1951ರಿಂದ ಈಚೆಗೆ ಇಷ್ಟು ಕಮ್ಮಿ ಯಾವತ್ತೂ ಇರ್ಲಿಲ್ಲ. ಟೆಕ್ಸಾಸ್, ಓಕ್ಲಹೋಮಾ, ಕಾನ್ಸಾಸ್ ಕಡೆ ವರ್ಷಗಟ್ಲೆ ಬರ ಬಂದು ಹುಲ್ಲು ಒಣಗಿ, ಮೇವಿನ ರೇಟ್ ಏರಿ, ರೈತರು ಕರು ಹಾಕೋ ಹಸುಗಳನ್ನೂ ಮಾರ್ಕೊಂಡ್ರು. ಅದರ ಮೇಲೆ ಸ್ಕ್ರೂವರ್ಮ್ ಅನ್ನೋ ಹುಳದ ಕಾಟ, ಅದು ಬದುಕಿರೋ ದನದ ಗಾಯದೊಳಗೆ ಹೊಕ್ಕು ಮಾಂಸ ತಿನ್ನೋ ಹುಳ, ಅದಕ್ಕೆ ಹೆದ್ರಿ 2025ರ ಮೇನಲ್ಲಿ ಮೆಕ್ಸಿಕೋದಿಂದ ಬರೋ ದನಗಳಿಗೆ ಮತ್ತೆ ಬಾರ್ಡರ್ ಮುಚ್ಚಿದ್ರು. ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಬೀಫ್ ಕಳಿಸೋ ಬ್ರೆಜಿಲ್ ಮೇಲೆ 50% ಟ್ಯಾರಿಫ್, ಅಂದ್ರೆ ಆಮದು ಸುಂಕ, ಬಿತ್ತು, ಬೀಫ್ ಮೇಲಿಂದು ನವೆಂಬರ್‌ನಲ್ಲಿ ತೆಗೆದ್ರು. ಈಗ ರೈತ ಮನಸ್ಸು ಮಾಡಿ ಒಂದು ಹೆಣ್ಣು ಕರು ಮಾರ್ದೇ ಉಳಿಸ್ಕೊಂಡ ಅಂತಿಟ್ಕೊಳಿ, ಅದು ಬೆಳೆದು, 9 ತಿಂಗಳು ಗಬ್ಬ ಆಗಿ ಈದು, ಅದರ ಕರು ಬೆಳೆದು ಅಂಗಡಿಗೆ ಬರೋ ಹೊತ್ತಿಗೆ ಮೂರ್ನಾಲ್ಕು ವರ್ಷ. ಅಲ್ಲಿವರೆಗೂ ಆ ಉಳಿಸ್ಕೊಂಡ ಕರುನೂ ಮಾರ್ಕೆಟ್‌ಗೆ ಬರಲ್ಲ, ಅಂದ್ರೆ ಮಂದೆ ಬೆಳೆಸೋಕೆ ಹೊರಟ್ರೆ ಮೊದಲು ಮಾಂಸ ಇನ್ನೂ ಕಮ್ಮಿನೇ ಆಗುತ್ತೆ.

ಇಷ್ಟಾದ್ರೂ ಇಲ್ಲಿನ ಜನ ಬೀಫ್ ಬಿಟ್ಟಿಲ್ಲ. ಸ್ಟೇಕ್ ತಗೊಳ್ತಿದ್ದೋರು ಗ್ರೌಂಡ್ ಬೀಫ್‌ಗೆ ಇಳಿದ್ರು, ಹಾಗಾಗಿ ಗ್ರೌಂಡ್ ಬೀಫ್ ರೇಟೂ ಏರ್ತು. ಅವರ ಹಿಂದೇನೇ ನಾವೂ ಹೋದ್ರೆ ಲಾಭ ಇಲ್ಲ. ಒಂದು ವಿಷಯ ಗಮನಿಸಿ, ಈ ದೇಶದಲ್ಲಿ ಮಾಂಸಕ್ಕೆ ರೇಟ್ ಕಟ್ಟೋದು ಬಹುಪಾಲು ಅದು ಎಷ್ಟು ಮೆತ್ತಗಿದೆ ಅನ್ನೋದರ ಮೇಲೆ, ರುಚಿ ಮೇಲಲ್ಲ. ಟೆಂಡರ್‌ಲಾಯಿನ್ ದನದ ಮೈಯಲ್ಲಿ ಕೆಲಸನೇ ಮಾಡದ ಭಾಗ, ಐದು ನಿಮಿಷ ತವಾ ಮೇಲಿಟ್ರೆ ಸಾಕು, ಅದಕ್ಕೇ ಆ ರೇಟು, ರುಚಿ ನೋಡಿದ್ರೆ ಸಪ್ಪೆ. ದಿನಾ ಓಡಾಡಿ ದುಡಿಯೋ ಭುಜ, ಕಾಲು, ಕತ್ತು ಗಟ್ಟಿ ಇರುತ್ತೆ ಆದ್ರೆ ಸಾರಿಗೆ ಇಳಿಯೋ ರುಚಿ ಎಲ್ಲಾ ಅಲ್ಲೇ ಇರೋದು. ನಾವು ಮಾಡೋದು ಸಾರು, ಪಲ್ಯ, ಪೆಪ್ಪರ್ ಫ್ರೈ, ಬಿರಿಯಾನಿ, ಮನೇಲಿ ಕುಕ್ಕರ್ ಇದೆ, ಗಟ್ಟಿ ಮಾಂಸನ ಮೆತ್ತಗೆ ಮಾಡೋ ಕೆಲಸ ಕುಕ್ಕರ್ ಮಾಡುತ್ತೆ, ಅದಕ್ಕೆ ಅಂಗಡಿಯವನಿಗೆ ಯಾಕೆ ದುಡ್ಡು ಕೊಡ್ಬೇಕು?

ಏನು ತಗೋಬೇಕು ಅಂದ್ರೆ, ಮೊದಲನೇದು ಚಕ್ ರೋಸ್ಟ್, ಭುಜದ ಭಾಗ. ಇಡೀ ಗಡ್ಡೆ ತಗೊಂಡು ಮನೇಲಿ ನೀವೇ ಕಟ್ ಮಾಡಿ. ಪಕ್ಕದಲ್ಲೇ "ಸ್ಟ್ಯೂ ಮೀಟ್" ಅಂತ ಕಟ್ ಮಾಡಿಟ್ಟಿರೋ ಪ್ಯಾಕೆಟ್ ಇರುತ್ತೆ, ಅದನ್ನ ಮುಟ್ಬೇಡಿ, ಎಷ್ಟೋ ಕಡೆ ಅದರಲ್ಲಿ ಬೇರೆ ಬೇರೆ ಭಾಗದ ಚೂರು ಸೇರಿಸಿರ್ತಾರೆ, ಒಂದು ಬೆಂದು ಕರಗೋ ಹೊತ್ತಿಗೆ ಇನ್ನೊಂದು ರಬ್ಬರ್ ಥರಾನೇ ಇರುತ್ತೆ, ಮೇಲಿಂದ ಕಟ್ ಮಾಡಿದ ಕೂಲಿನೂ ರೇಟಲ್ಲಿ ಸೇರಿರುತ್ತೆ. ಎರಡನೇದು ಶ್ಯಾಂಕ್, ಮಧ್ಯದಲ್ಲಿ ನಲ್ಲಿ ಮೂಳೆ ಇರೋ ಕಾಲಿನ ತುಂಡು. ಇಲ್ಲಿನೋರು ಅದನ್ನ ಅಷ್ಟಾಗಿ ಮುಟ್ಟಲ್ಲ, ನಮಗೆ ಅದೇ ಬೇಕಾಗಿರೋದು. ಮೂಳೆ ತೂಕ ಹೋಗುತ್ತೆ ಅಂತ ಬೇಜಾರ್ ಮಾಡ್ಕೋಬೇಡಿ, ಮೂಳೆನೇ ಸಾರಿಗೆ ಜೀವ, ಆದ್ರೆ ರೇಟ್ ಹೋಲಿಸುವಾಗ ಮೂಳೆ ಕಳೆದು ಲೆಕ್ಕ ಹಾಕಿ. ಮೂಳೆ ಇರೋ ಶ್ಯಾಂಕಿಗೂ ಮೂಳೆ ಇಲ್ಲದ ಚಕ್ಕಿಗೂ ಒಂದೇ ರೇಟ್ ಇದ್ರೆ ಕಣ್ಮುಚ್ಚಿ ಚಕ್ ತಗೊಳಿ.

ಸೂಪರ್‌ಮಾರ್ಕೆಟ್‌ನಲ್ಲಿ ಶ್ಯಾಂಕ್ ಸಿಗ್ದೇ ಇದ್ರೆ ಮೆಕ್ಸಿಕನ್ ಮಾಂಸದಂಗಡಿಗೋ ಹಲಾಲ್ ಅಂಗಡಿಗೋ ಹೋಗಿ, ಎರಡೂ ಕಡೆ ಮೂಳೆ ಸಮೇತ ನೀವು ಕೇಳಿದ ಸೈಜಿಗೆ ಕಟ್ ಮಾಡಿ ಕೊಡ್ತಾರೆ. ಅಲ್ಲೇ ಹೃದಯ, ಲಿವರ್, ಬೋಟಿ ಕೂಡ ಸಿಗುತ್ತೆ, ಇವತ್ತಿಗೂ ಕಮ್ಮಿ ದುಡ್ಡಿಗೆ ಸಿಗೋದು ಅಂದ್ರೆ ಇವೇ. ಹೃದಯ ತಿಂದಿಲ್ಲ ಅಂದ್ರೆ ಒಂದ್ಸಲ ಸಣ್ಣಗೆ ಕಟ್ ಮಾಡಿ, ಒಳಗಿನ ಬಿಳಿ ನಾರು ತೆಗೆದು, ಕರಿಬೇವು ಮೆಣಸು ಜೋರಾಗಿ ಹಾಕಿ ಫ್ರೈ ಮಾಡಿ, ಹೇಳ್ದೇ ಇದ್ರೆ ಯಾರಿಗೂ ಗೊತ್ತಾಗಲ್ಲ. ಬಾಲ ಮತ್ತೆ ನಾಲಿಗೆ ಮಾತ್ರ ಈಗ ಅಗ್ಗ ಅಲ್ಲ, ಒಂದು ಕಾಲದಲ್ಲಿ ಕೇಳೋರಿರ್ಲಿಲ್ಲ, ಹೋಟೆಲ್‌ನೋರು ಫೇಮಸ್ ಮಾಡಿಬಿಟ್ರು.

ರೌಂಡ್ ಅಂತ ಇನ್ನೊಂದು ಕಟ್ ಬರುತ್ತೆ, ಹಿಂದಿನ ತೊಡೆದು. ಆಫರ್ ಜಾಸ್ತಿ ಬೀಳೋದು ಇದಕ್ಕೇ, ಹುಷಾರು. ಕೊಬ್ಬು ಇಲ್ಲ, ಕುಕ್ಕರ್‌ಗೆ ಹಾಕಿದ್ರೆ ನಾರು ನಾರಾಗಿ ಒಣಗುತ್ತೆ, ಸಾರಿಗೆ ಆಗಲ್ಲ. ತಗೊಂಡ್ರೆ ಎಳೆಗೆ ಅಡ್ಡವಾಗಿ ತೆಳ್ಳಗೆ ಕಟ್ ಮಾಡಿ, ಪೌಂಡಿಗೆ ಒಂದು ಚಮಚ ಹಸಿ ಪಪಾಯ ಪೇಸ್ಟ್ ಸವರಿ ಅರ್ಧ ಗಂಟೆ ಬಿಡಿ, ರಾತ್ರಿಯೆಲ್ಲಾ ಇಟ್ರೆ ಮುದ್ದೆ ಆಗಿಬಿಡುತ್ತೆ. ಪಪಾಯ ಇಲ್ಲಾಂದ್ರೆ ಅರ್ಧ ಟೀ ಚಮಚ ಅಡಿಗೆ ಸೋಡಾ ಹಚ್ಚಿ ಕಾಲು ಗಂಟೆ ಬಿಟ್ಟು ಚೆನ್ನಾಗಿ ತೊಳೀರಿ, ಚೈನೀಸ್ ಹೋಟೆಲ್‌ನಲ್ಲಿ ಬೀಫ್ ಅಷ್ಟು ನುಣ್ಣಗಿರೋದರ ಗುಟ್ಟು ಬಹಳ ಸಲ ಇದೇ. ಆಮೇಲೆ ಜೋರು ಉರಿಯಲ್ಲಿ ಬೇಗ ಬೇಗ ಹುರಿದು ಇಳಿಸಿ.

ಸ್ಟೇಕ್ ಇಲ್ದೇ ಆಗಲ್ಲ ಅನ್ನೋ ಮಕ್ಕಳಿರ್ತಾರೆ ಮನೇಲಿ, ಅವರಿಗೆ ಚಕ್ ಐ ಸ್ಟೇಕ್ ಹುಡುಕಿ. ರಿಬ್‌ಐ, ಅಂದ್ರೆ ಪಕ್ಕೆಲುಬಿನ ಕಡೆಯ ದುಬಾರಿ ಸ್ಟೇಕ್, ಮುಗಿದು ಭುಜ ಶುರುವಾಗೋ ಜಾಗದ್ದು, ಅದರದ್ದೇ ಮುಂದುವರಿಕೆ, ರೇಟ್ ಬಹಳ ಕಮ್ಮಿ. ಒಂದು ದನದಲ್ಲಿ ಸ್ವಲ್ಪನೇ ಬರೋದರಿಂದ ಬೇಗ ಖಾಲಿಯಾಗುತ್ತೆ, ಬುಚರ್‌ಗೆ ಮೊದಲೇ ಹೇಳಿಟ್ರೆ ಎತ್ತಿಡ್ತಾನೆ.

ಬೇಯಿಸೋದರಲ್ಲೂ ಒಂದು ಮಾತಿದೆ. ಚಕ್, ಶ್ಯಾಂಕ್ ಗಟ್ಟಿ ಇರೋದು ಕೊಲಾಜನ್‌ನಿಂದ, ಅದು ನಿಧಾನಕ್ಕೆ ಬೆಂದ್ರೆ ಜೆಲಾಟಿನ್ ಆಗಿ ಕರಗುತ್ತೆ, ಸಾರಿಗೆ ತುಟಿ ಅಂಟೋ ಥರ ಹದ ಬರೋದು ಅದರಿಂದ. ಒಂದೂವರೆ ಇಂಚಿನ ತುಂಡು ಮಾಡಿ, ಸಣ್ಣ ಮಾಡಿದ್ರೆ ಪುಡಿಯಾಗುತ್ತೆ, ಈರುಳ್ಳಿ ಶುಂಠಿ ಬೆಳ್ಳುಳ್ಳಿ ಅರಿಶಿನ ಉಪ್ಪು ಹಾಕಿ ಚೆನ್ನಾಗಿ ಬಾಡಿಸಿ, ಒಂದು ಕೂಗು ಬಂದ್ಮೇಲೆ ಉರಿ ಸಣ್ಣ ಮಾಡಿ 25 ನಿಮಿಷ ಬಿಡಿ. ಇನ್‌ಸ್ಟಂಟ್ ಪಾಟ್ ಅನ್ನೋ ಕರೆಂಟ್ ಕುಕ್ಕರ್ ಆದ್ರೆ ಚಕ್‌ಗೆ 35 ನಿಮಿಷ, ಶ್ಯಾಂಕ್‌ಗೆ 45, ಪ್ರೆಶರ್ ತಾನಾಗೇ ಇಳೀಲಿ, ಅವಸರಕ್ಕೆ ಸ್ಟೀಮ್ ಬಿಟ್ರೆ ಮಾಂಸ ಬಿಗಿಯಾಗುತ್ತೆ. ಇನ್ನೂ ಗಟ್ಟಿ ಇದ್ರೆ ಅದು ಬೆಂದಿಲ್ಲ ಅಂತರ್ಥ, ಜಾಸ್ತಿ ಬೆಂದಿದೆ ಅಂತಲ್ಲ, ಮತ್ತೆ ಇಡಿ.

ಕೈಮಗೆ ಬರೋಣ. ಪ್ಯಾಕೆಟ್ ಮೇಲೆ 73/27, 80/20, 90/10 ಅಂತಿರುತ್ತಲ್ಲ, ಮೊದಲನೇದು ಮಾಂಸ, ಎರಡನೇದು ಕೊಬ್ಬು. ರೇಟನ್ನ ಮಾಂಸದ ಭಾಗದಿಂದ ಭಾಗಿಸಿ ನೋಡಿ. ಉದಾಹರಣೆಗೆ 73ರದ್ದು 5 ಡಾಲರ್ ಇದ್ರೆ ನಿಜವಾದ ಮಾಂಸ ಪೌಂಡಿಗೆ 6.85 ಬೀಳುತ್ತೆ, 90ರದ್ದು 7 ಡಾಲರ್ ಇದ್ರೆ 7.78. ವ್ಯತ್ಯಾಸ ಸ್ಟಿಕರ್‌ನಲ್ಲಿ ಕಾಣೋದಕ್ಕಿಂತ ಕಮ್ಮಿ ಆಯ್ತಲ್ವಾ, ಕೆಲವು ಸಲ ಉಲ್ಟಾನೂ ಆಗುತ್ತೆ. ಕೈಮ ಪಲ್ಯಕ್ಕೆ ಹೇಗೂ ಕೊಬ್ಬು ಬಿಡುತ್ತೆ ಅದನ್ನ ಬಸಿದು ಹಾಕೋರಾದ್ರೆ ಈ ಲೆಕ್ಕ ಮಾಡ್ಲೇಬೇಕು, ಬಸಿಯದೇ ಅದರಲ್ಲೇ ಮಸಾಲೆ ಹುರಿಯೋರಾದ್ರೆ 80/20 ಸಾಕು. ಚಕ್ ಆಫರ್‌ನಲ್ಲಿದ್ದು ಗ್ರೌಂಡ್ ಬೀಫ್‌ಗಿಂತ ಅಗ್ಗ ಸಿಕ್ಕಿದ್ರೆ ಕೌಂಟರ್‌ನಲ್ಲೇ ಕೈಮ ಮಾಡಿಕೊಡಿ ಅಂತ ಕೇಳಿ, ಬಹಳ ಅಂಗಡಿಗಳಲ್ಲಿ ಫ್ರೀಯಾಗಿ ಮಾಡ್ಕೊಡ್ತಾರೆ.

ಇದ್ದಿದ್ದನ್ನ ಹೆಚ್ಚಿಸೋದು ನಮಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ, ಮನೆಗಳಲ್ಲಿ ಮೊದಲಿಂದ ಮಾಡ್ಕೊಂಡ್ ಬಂದಿರೋದೇ. ಒಂದು ಪೌಂಡ್ ಕೈಮಗೆ ದೊಡ್ಡ ಕಟ್ಟು ಸಬ್ಬಸಿಗೆ ಸೊಪ್ಪು. ಕೈಮ ಉಂಡೆಗೆ ಹುರಿಗಡಲೆ ಪುಡಿ, ಉಂಡೆನೂ ಒಡಿಯಲ್ಲ, ನಾಲ್ಕು ಉಂಡೆ ಜಾಸ್ತಿನೂ ಆಗುತ್ತೆ. ಮೂಳೆ ಸಾರಿಗೆ ಮೂಲಂಗಿ, ಆಲೂಗಡ್ಡೆ, ಇಂಡಿಯನ್ ಅಂಗಡಿಯ ಫ್ರೋಜನ್ ಅವರೆಕಾಳು, ಅವರೆಕಾಳಿಗೆ ಮೂಳೆ ರಸ ಹಿಡಿದ್ರೆ ಮಾಂಸದ ತುಂಡು ಯಾರೂ ಎಣಿಸಲ್ಲ. ಜೊತೆಗೆ ಮುದ್ದೆ ಇದ್ರೆ ಮುಗೀತು. ಇಲ್ಲಿನೋರು ಇದೇ ಕೆಲಸಕ್ಕೆ ಗ್ರೌಂಡ್ ಬೀಫ್‌ಗೆ ಅಣಬೆ ಸೇರಿಸ್ತಾರೆ, ಕಟ್ಲೆಟ್‌ಗೆ ಅದೂ ಚೆನ್ನಾಗೇ ಇರುತ್ತೆ.

ಯಾವಾಗ ತಗೋಬೇಕು ಅನ್ನೋದಕ್ಕೂ ಒಂದು ಕ್ಯಾಲೆಂಡರ್ ಇದೆ. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ಸ್ ಡೇಗೆ ಕಾರ್ನ್‌ಡ್ ಬೀಫ್ ಅಂತ ಉಪ್ಪುನೀರಲ್ಲಿ ನೆನೆಸಿದ ಬ್ರಿಸ್ಕೆಟ್, ಅಂದ್ರೆ ಎದೆ ಭಾಗ, ರಾಶಿ ಹಾಕಿರ್ತಾರೆ, ಹಬ್ಬ ಮುಗಿದ ಮೇಲೆ ಉಳಿದಿದ್ದನ್ನ ಇಳಿಸಿ ಮಾರ್ತಾರೆ. ಒಂದು ಸಲ ಕುದಿಸಿ ನೀರು ಚೆಲ್ಲಿ, ಉಪ್ಪು ಹಾಕ್ದೇ ಪೆಪ್ಪರ್ ಫ್ರೈ ಮಾಡಿ, ಆದ್ರೆ ಪ್ಯಾಕೆಟ್ ತೂಕದಲ್ಲಿ ಆ ನೀರೂ ಸೇರಿರುತ್ತೆ ಅನ್ನೋದು ನೆನಪಿರ್ಲಿ. ಕ್ರಿಸ್ಮಸ್ ಹೊತ್ತಿಗೆ ರಿಬ್ ರೋಸ್ಟ್, ಅಂದ್ರೆ ಪಕ್ಕೆಲುಬಿನ ದೊಡ್ಡ ಗಡ್ಡೆ, ಅದರ ರೇಟ್ ಇಳಿಸ್ತಾರೆ, ಜನನ ಅಂಗಡಿಗೆ ಎಳೆಯೋಕೆ. ವಾರದ ದಿನ ಬೆಳಿಗ್ಗೆ ಹೋದ್ರೆ ಡೇಟ್ ಹತ್ರ ಬಂದಿರೋ ಪ್ಯಾಕೆಟ್‌ಗಳ ಮೇಲೆ ರಿಯಾಯಿತಿ ಸ್ಟಿಕರ್ ಹಚ್ಚಿರ್ತಾರೆ, ಯಾವ ದಿನ ಹಚ್ತಾರೆ ಅಂತ ಕೌಂಟರ್‌ನವರನ್ನೇ ಕೇಳಿ.

ನಾಲ್ಕು ಮನೆ ಸೇರಿ ರೈತರ ಹತ್ರ ನೇರವಾಗಿ ಕಾಲು ದನ, ಅರ್ಧ ದನ ತಗೊಳೋದು ಈಗ ಜೋರಾಗಿದೆ. ನನ್ನ ಕೇಳಿದ್ರೆ ಬರೀ ಸಾರು ತಿನ್ನೋರಿಗೆ ಇದು ಅಂಥಾ ಲಾಭ ಅಲ್ಲ. ರೈತ ಹೇಳೋದು ಹ್ಯಾಂಗಿಂಗ್ ವೆಯ್ಟ್ ರೇಟು, ಚರ್ಮ, ಕರುಳು ತೆಗೆದು ನೇತುಹಾಕಿದ ತೂಕದ್ದು, ಮೂಳೆ ಕೊಬ್ಬು ಹೋಗಿ ನಿಮ್ಮ ಕೈಗೆ ಬರೋದು ಅದರಲ್ಲಿ 60ರಿಂದ 65%. ಅವನು 5 ಡಾಲರ್ ಅಂದ, ಕಟಿಂಗ್ ಪ್ಯಾಕಿಂಗ್‌ಗೆ 1 ಡಾಲರ್ ಅಂದ ಅಂದ್ಕೊಳಿ, ಕೊನೆಗೆ ಪೌಂಡಿಗೆ ಹೆಚ್ಚುಕಮ್ಮಿ 9.70 ಆಯ್ತು. ರಿಬ್‌ಐಗೂ ಅದೇ ರೇಟು, ಕೈಮಗೂ ಅದೇ ರೇಟು. ಸ್ಟೇಕ್ ಇಷ್ಟ ಪಡೋ ಮನೆ ಒಂದೆರಡು ಜೊತೆಗಿದ್ದು, ಅವರು ಸ್ಟೇಕ್‌ಗೆ ಜಾಸ್ತಿ ಕೊಟ್ಟು ನೀವು ಮೂಳೆ, ಶ್ಯಾಂಕ್, ಚಕ್‌ಗೆ ಕಮ್ಮಿ ಕೊಡೋ ಹಾಗೆ ಮೊದಲೇ ಮಾತಾಡ್ಕೊಂಡ್ರೆ ಮಾತ್ರ ಇಳೀರಿ, ದುಡ್ಡಿನ ವಿಷಯ ಆಮೇಲೆ ಮಾತಾಡಿದ್ರೆ ಸ್ನೇಹ ಹಾಳು. ಕಾಲು ದನಕ್ಕೆ 100 ಪೌಂಡ್ ಮೇಲೇ ಬರಬಹುದು, ಫ್ರಿಡ್ಜ್ ಮೇಲಿನ ಫ್ರೀಜರ್‌ನಲ್ಲಿ ಹಿಡಿಯಲ್ಲ.

ಫ್ರೀಜ್ ಮಾಡುವಾಗ ಒಂದೊಂದು ಅಡುಗೆಗೆ ಆಗೋಷ್ಟು ಜಿಪ್ ಬ್ಯಾಗ್‌ಗೆ ಹಾಕಿ, ಗಾಳಿ ತೆಗೆದು, ರೊಟ್ಟಿ ಥರ ತಟ್ಟಿ ಮಲಗಿಸಿ, ತಾರೀಖು ಬರೀರಿ. ಕೈಮ ಮೂರ್ನಾಲ್ಕು ತಿಂಗಳೊಳಗೆ ಮುಗಿಸಿ, ದೊಡ್ಡ ಗಡ್ಡೆ ಅದಕ್ಕಿಂತ ಜಾಸ್ತಿ ದಿನ ಇರುತ್ತೆ. ಕರಗಿಸೋದು ಹಿಂದಿನ ರಾತ್ರಿನೇ ಫ್ರಿಡ್ಜ್‌ಗೆ ಇಳಿಸಿ, ಕಿಚನ್ ಕಟ್ಟೆ ಮೇಲೆ ಬೇಡ. ಕೈಮ ಹಸಿಯಾಗಿದ್ರೆ ಫ್ರಿಡ್ಜ್‌ನಲ್ಲೂ ಒಂದೆರಡು ದಿನ ಅಷ್ಟೇ, ಬೇಯಿಸುವಾಗ ಒಳಗೆ 160 ಫ್ಯಾರನ್‌ಹೀಟ್ ಮುಟ್ಲೇಬೇಕು. ರಿಯಾಯಿತಿ ಪ್ಯಾಕೆಟ್ ತಂದ ದಿನವೇ ಬೇಯಿಸಿ ಇಲ್ಲಾ ಫ್ರೀಜ್ ಮಾಡಿ, ಬಣ್ಣ ಸ್ವಲ್ಪ ಕಂದಾಗಿದ್ರೆ ಪರವಾಗಿಲ್ಲ ಗಾಳಿಗೆ ಹಾಗಾಗುತ್ತೆ, ಆದ್ರೆ ಹುಳಿ ವಾಸನೆ ಬಂದ್ರೆ, ಮುಟ್ಟಿದ್ರೆ ಅಂಟಂಟಾಗಿದ್ರೆ ಐದು ಡಾಲರ್ ಮುಖ ನೋಡ್ಬೇಡಿ, ಬಿಸಾಕಿ.