ನನ್ನ ಅನುಭವ: ದಿನಕ್ಕೆ 400 ಪದ, ಕೊನೆಗೆ 15 ಫಾರಂ

ಕಾದಂಬರಿ ಬರೀತೀನಿ ಅಂದರೆ ಧಾರವಾಡದಾಗ ಎಲ್ಲರೂ ಕೇಳುವುದು ‘ಕಥಿ ಏನು?’ ಅಂತ. ಅಚ್ಚಿನ ಮನೆಯವರು ಕೇಳುವುದು ‘ಎಷ್ಟು ಫಾರಂ?’ ಅಂತ. ನಾನು ಎರಡನೇ ಪ್ರಶ್ನೆಯಿಂದಲೇ ಶುರು ಮಾಡಿದೆ.

ನಮ್ಮಲ್ಲಿ ಕಾದಂಬರಿಗಳು ಹೆಚ್ಚಾಗಿ ಬರುವುದು ಡೆಮಿ 1/8 ಆಕಾರದಲ್ಲಿ: ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಹಾಳೆಯ ಎರಡೂ ಬದಿ ಅಚ್ಚಾಗಿ ಮೂರು ಮಡಿಕೆ ಬಿದ್ದರೆ 16 ಪುಟ, ಅದು ಒಂದು ಫಾರಂ. 12 ಪಾಯಿಂಟ್ ಅಕ್ಷರದಲ್ಲಿ ಪುಟಕ್ಕೆ ಸುಮಾರು 225 ಪದ ಹಿಡಿಯುತ್ತವೆ. 52,000 ಪದ ಬರೆದರೆ 231 ಪುಟ, ಶೀರ್ಷಿಕೆ, ಅರ್ಪಣೆ, ಮುನ್ನುಡಿ ಸೇರಿ 8 ಪುಟ, ಕೊನೆಗೊಂದು ಖಾಲಿ. ಒಟ್ಟು 240, ಸರಿಯಾಗಿ 15 ಫಾರಂ. 243ಕ್ಕೆ ಹೋದರೆ ಆ ಮೂರು ಪುಟಕ್ಕಾಗಿ ಇನ್ನೊಂದು ಫಾರಂ ಏರುತ್ತದೆ. ಅರ್ಧ ಫಾರಂ ಮಾಡಿಕೊಡುತ್ತಾರೆ, ಆದರೆ ಖರ್ಚು ಅರ್ಧ ಆಗುವುದಿಲ್ಲ. ಇಂಗ್ಲಿಷಿನವರ 80,000 ಪದದ ಲೆಕ್ಕವನ್ನು ನೋಡಿ ಗಾಬರಿಯಾಗಬೇಡಿ. ಅವರು ನಾಲ್ಕೈದು ಪದ ಖರ್ಚು ಮಾಡುವ ಕಡೆ ನಮಗೆ ‘ಬರಬೇಕಾಗಿತ್ತಂತೆ’ ಅನ್ನುವ ಒಂದೇ ಪದ ಸಾಕು.

52,000ವನ್ನು ದಿನಕ್ಕೆ 400ರಂತೆ, ವಾರಕ್ಕೆ ಐದು ದಿನ ಹಂಚಿದರೆ 26 ವಾರ. ಏಳು ದಿನದ ಲೆಕ್ಕ ಹಾಕಿಕೊಂಡವರು ಮೂರನೇ ವಾರಕ್ಕೇ ಕೈಬಿಡುತ್ತಾರೆ. ನಳದ ನೀರು ಬರುವ ದಿನ ಬರವಣಿಗೆ ಇಲ್ಲ ಅಂತ ಮೊದಲೇ ಬರೆದಿಟ್ಟುಕೊಳ್ಳಬೇಕು. ಕೊಡ, ಬ್ಯಾರಲ್ ತುಂಬಿಸುತ್ತ ಸಂಭಾಷಣೆ ಬರೆಯಲು ಆಗುವುದಿಲ್ಲ. ನಾಗರ ಪಂಚಮಿ ವಾರವೂ ಸೊನ್ನೆ. ಇವನ್ನು ಕಳೆದೇ ಕ್ಯಾಲೆಂಡರಿನ ಮೇಲೆ ಮುಗಿಯುವ ತಾರೀಖು ಗುರುತು ಮಾಡಿದೆ. 26 ವಾರ 31 ಆಯಿತು. ಬೆಳಿಗ್ಗೆ 5.15ರಿಂದ 6.30, ಫೋನು ಬೇರೆ ಕೋಣೆಯಲ್ಲಿ. 400 ಮುಗಿದ ಮೇಲೆ ವಾಕ್ಯದ ಮಧ್ಯದಲ್ಲೇ ನಿಲ್ಲಿಸುವುದು. ಮರುದಿನ ಅರ್ಧ ವಾಕ್ಯ ಮುಗಿಸುವ ನೆವದಲ್ಲಿ ಕೈ ಓಡುತ್ತದೆ. ಖಾಲಿ ಪುಟದ ಮುಂದೆ ಕುಂತರೆ ಚಹಾ ಮಾಡುವ ಆಲೋಚನೆ ಬರುತ್ತದೆ.

ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ನಿತ್ಯ ಓಡಾಡುವವರಿಗೆ ಆ ಹೊತ್ತು ಬರೆಯಲು ಸಿಗುವುದಿಲ್ಲ, ಕೇಳಲು ಸಿಗುತ್ತದೆ. ಮೊಬೈಲಿನ ಕನ್ನಡ ಓದುವ ಧ್ವನಿಗೆ ನಿನ್ನೆಯ ಅಧ್ಯಾಯ ಕೊಟ್ಟು ಇಯರ್‌ಫೋನ್ ಹಾಕಿಕೊಳ್ಳಿ. ಅದು ರಾಗವಿಲ್ಲದೆ ಓದುತ್ತದೆ, ಒಳ್ಳೆಯದೇ. ಒಂದೇ ಪ್ಯಾರಾದಲ್ಲಿ ನಾಲ್ಕು ಸಲ ‘ಆದರೆ’ ಬಂದದ್ದು ಕಣ್ಣಿಗೆ ಕಾಣದಿದ್ದರೂ ಕಿವಿಗೆ ಹೊಡೆಯುತ್ತದೆ. ಮಾತಾಡಿ ಟೈಪ್ ಮಾಡಿಸುವ ಸೌಲಭ್ಯ ಮಾತ್ರ ನನಗೆ ಒಗ್ಗಲಿಲ್ಲ. ‘ಬಂದಾರ’ ಅಂದರೆ ಅದು ತನಗೆ ಗೊತ್ತಿರುವ ಪುಸ್ತಕದ ಕನ್ನಡಕ್ಕೆ ಎಳೆದುಕೊಂಡು ಹೋಗುತ್ತದೆ.

ಕಥೆ ಕುಸಿಯುವುದು 18,000ದಿಂದ 30,000 ಪದದ ನಡುವೆ. ಶುರುವಿನ ಹುರುಪು ಮುಗಿದಿರುತ್ತದೆ, ಕೊನೆ ಇನ್ನೂ ಕಾಣುತ್ತಿರುವುದಿಲ್ಲ. ಆಗ ಹಿಂದಕ್ಕೆ ಹೋಗಿ ಮೊದಲ ಅಧ್ಯಾಯ ತಿದ್ದುತ್ತ ಕೂಡುವುದೇ ದೊಡ್ಡ ತಪ್ಪು. ಹಳೆ ಗೋಡೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಪ್ರತಿ ಅಧ್ಯಾಯಕ್ಕೆ ಒಂದೇ ಸಾಲು ಬರೆದೆ: ಯಾರಿಗೆ ಏನು ಬೇಕು, ಯಾರು ಅಡ್ಡ. ‘ಅಡ್ಡ’ ಅನ್ನುವ ಕಾಲಂ ಖಾಲಿ ಇದ್ದ ಅಧ್ಯಾಯಗಳನ್ನು ಕಿತ್ತೆ ಇಲ್ಲವೇ ಪಕ್ಕದ್ದಕ್ಕೆ ಸೇರಿಸಿದೆ. 34ರಲ್ಲಿ 29 ಉಳಿದವು.

ಅದೇ ಹಾಳೆಯ ಇನ್ನೊಂದು ಅಂಚಿನಲ್ಲಿ ಇಸವಿ. ಈ ಭಾಗದ ಕಥೆಗೆ ಇದು ಬೇಕೇ ಬೇಕು. ಗದಗ, ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. 1985ರ ಪಾತ್ರ ‘ಗದಗ ಜಿಲ್ಲಾ’ ಅಂದರೆ ಮುಳಗುಂದದ ಓದುಗ ಪುಸ್ತಕ ಮಡಚಿ ಇಡುತ್ತಾನೆ. ಹುಬ್ಬಳ್ಳಿ ಸ್ಟೇಷನ್ನಿನ ಉದ್ದನೆ ಪ್ಲಾಟ್‌ಫಾರಂ 2023ರದ್ದು. ಚಿಗರಿ ಓಡಲು ಶುರುವಾದದ್ದು 2018ರಲ್ಲಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ ಸೋಮವಾರ ಮತ್ತು ಗುರುವಾರ. ರವಿವಾರ ಟೆಂಡರ್ ಕರೆಸಿದರೆ ಹಾವೇರಿ ಕಡೆಯವರು ನಗುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು ಸಂಭಾಷಣೆಯ ಕಾಗುಣಿತ. ನಮ್ಮ ಮಾತಿಗೆ ನಿಘಂಟು ಕೊಡುವ ಒಂದೇ ಬರಹರೂಪ ಇಲ್ಲ. ಒಂದೇ ಕ್ರಿಯೆಗೆ ಮಾಡಾಕತ್ತೀನಿ, ಮಾಡ್ಲಿಕತ್ತೀನಿ, ಮಾಡಾಕ್ಹತ್ತೇನಿ ಎಲ್ಲ ಚಾಲ್ತಿಯಲ್ಲಿವೆ, ಎಲ್ಲವೂ ಸರಿ. ಒಬ್ಬನೇ ಮನುಷ್ಯ 12ನೇ ಪುಟದಲ್ಲಿ ಒಂದು, 90ನೇ ಪುಟದಲ್ಲಿ ಇನ್ನೊಂದು ಆಡಿದರೆ ಮಾತ್ರ ತಪ್ಪು. ಅದಕ್ಕೆ 40 ಪುಟದ ನೋಟ್‌ಬುಕ್ಕಿನಲ್ಲಿ ಪಾತ್ರಕ್ಕೊಂದು ಪುಟ ಇಟ್ಟೆ. ನವಲಗುಂದ ಕಡೆಯ ರೈತನಿಗೆ ಮಾಡಾಕತ್ತೀನಿ, ಹೆಂಗ. ಧಾರವಾಡ ಪೇಟೆಯ ಮಾಸ್ತರರಿಗೆ ಮಾಡ್ಲಿಕತ್ತೀನಿ, ಹ್ಯಾಂಗ. ಬೆಂಗಳೂರಿಂದ ಬಂದ ಸೊಸೆಗೆ ಮಾಡ್ತಾ ಇದೀನಿ, ಹೇಗೆ; ಐದು ವರ್ಷ ಕಳೆದ ಮೇಲೆ ಅವಳ ಬಾಯಲ್ಲಿ ಒಂದೊಂದು ‘ರೀ’ ಸೇರುತ್ತದೆ, ಅದು ಯಾವ ಅಧ್ಯಾಯದಿಂದ ಅನ್ನುವುದನ್ನೂ ಬರೆದಿಟ್ಟೆ.

ಹಾಗಂತ ಕಿವಿಗೆ ಬಿದ್ದದ್ದನ್ನೆಲ್ಲ ಬರೆಯಬಾರದು. ‘ಹೋಗ್ಬಿಟ್ಟ್ನಂತ್ರೀ’ ಅನ್ನುವುದನ್ನು ಬಾಯಿ ಅರ್ಧ ಸೆಕೆಂಡಿನಲ್ಲಿ ದಾಟುತ್ತದೆ, ಕಣ್ಣು ಎಡವುತ್ತದೆ. ನಾನು ಉಳಿಸಿಕೊಂಡದ್ದು ಕ್ರಿಯಾಪದದ ಕೊನೆ, ‘ಆಗ’ ಪ್ರತ್ಯಯ (ಮನ್ಯಾಗ, ಊರಾಗ), ಮನಿ-ತಲಿ-ಎಲಿ ತರಹದ ಇಕಾರ, ಇಷ್ಟೇ. ನಿರೂಪಣೆ ಪೂರ್ತಿ ಗ್ರಾಂಥಿಕ.

ಇಷ್ಟು ಕಾಪಾಡಿದ್ದು ಅಚ್ಚಿಗೆ ಹೋದಾಗ ಕೆಡುತ್ತದೆ, ಯಾಕೆಂದರೆ ಬೇರೆ ಸೀಮೆಯ ಕರಡು ತಿದ್ದುವವರಿಗೆ ಇದು ತಪ್ಪಾಗಿ ಕಾಣುತ್ತದೆ. ತಾಯಿ ಮಗನಿಗೆ ಹೇಳುವ ಸಾಲೊಂದು: ‘ಬುತ್ತಿ ಕಟ್ಟೇನಿ, ತಗೊಂಡ ಹೋಗು.’ ಕಟ್ಟೇನಿ ಅಂದರೆ ಕಟ್ಟಿದ್ದೇನೆ, ಕೆಲಸ ಮುಗಿದಿದೆ. ಮೊದಲ ಕರಡಿನಲ್ಲಿ ಅದು ‘ಕಟ್ಟೇನು’ ಆಗಿ ಬಂತು. ಕಟ್ಟೇನು ಅಂದರೆ ಕಟ್ಟಿದರೂ ಕಟ್ಟಬಹುದು, ನೋಡೋಣ. ಇಕಾರ ಉಕಾರವಾದದ್ದಕ್ಕೆ ಹುಡುಗ ಉಪವಾಸ. ಆ ಮೇಲೆ ನೋಟ್‌ಬುಕ್ಕಿನ ಪಟ್ಟಿಯನ್ನು ಎರಡು ಪುಟಕ್ಕೆ ಇಳಿಸಿ ಹಸ್ತಪ್ರತಿಯ ಮೇಲೇ ಪಿನ್ ಮಾಡಿ ಕೊಟ್ಟೆ: ಉದ್ಧರಣ ಚಿಹ್ನೆಯ ಒಳಗಿನದನ್ನು ತಿದ್ದಬೇಡಿ, ಅನುಮಾನ ಇದ್ದರೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಎರಡನೇ ಕರಡಿನಲ್ಲಿ ಇಂಥ ತಪ್ಪು ಬಹುತೇಕ ನಿಂತವು.

ಫಾಂಟಿನ ಕಾಟ ಬೇರೆ. ಬರೆಯುವುದು ಯೂನಿಕೋಡಿನಲ್ಲಿ (ಮೊಬೈಲು, ಇಂಟರ್ನೆಟ್ಟಿನಲ್ಲಿ ನಡೆಯುವ ಅಕ್ಷರ ಸಂಕೇತ), ಹುಬ್ಬಳ್ಳಿ, ಗದಗಿನ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಪೇಜ್‌ಮೇಕರ್ ಅನ್ನುವ ಪುಟ ಕಟ್ಟುವ ತಂತ್ರಾಂಶ ಮತ್ತು ನುಡಿಯ ಹಳೆ ಆಸ್ಕಿ ಅಕ್ಷರ; ಬರೆದದ್ದನ್ನು ಆ ಹಳೆ ಸಂಕೇತಕ್ಕೆ ಬದಲಿಸಿಕೊಳ್ಳಬೇಕು. ಪರಿವರ್ತಕದಲ್ಲಿ ಹಾಕಿದಾಗ ಮೂರು ಕಡೆ ನೋಡಬೇಕು. ‘ಸಾಫ್ಟ್‌ವೇರ್’ ತರಹದ ಪದಗಳಲ್ಲಿ ನಡುವಿನ ಅಗೋಚರ ಚಿಹ್ನೆ ಬಿದ್ದುಹೋಗಿ ಅಕ್ಷರಗಳು ಒಂದರ ಕೆಳಗೊಂದು ಒತ್ತಾಗಿ ಅಂಟಿಕೊಳ್ಳುತ್ತವೆ. ರೋಮನ್ ಅಕ್ಷರದಲ್ಲಿ ಏನಾದರೂ ಉಳಿದಿದ್ದರೆ ಅರ್ಥವಿಲ್ಲದ ಕನ್ನಡ ಅಕ್ಷರಗಳ ರಾಶಿಯಾಗುತ್ತದೆ; ಕೊಡುವ ಮೊದಲೇ ಎಲ್ಲವನ್ನೂ ಕನ್ನಡ ಲಿಪಿಗೆ ತಂದುಬಿಡಿ. ಮೂರನೆಯದು ಸೊನ್ನೆ. ಕೆಲವರು ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆಯನ್ನೇ ಒತ್ತುತ್ತಾರೆ. ಕಾಗದದ ಮೇಲೆ ವ್ಯತ್ಯಾಸ ಕಾಣುವುದಿಲ್ಲ, ಆದರೆ ‘ಕಂಡ’ ಅಂತ ಹುಡುಕಿದರೆ ‘ಕ೦ಡ’ ಸಿಗುವುದಿಲ್ಲ, ಎಲ್ಲ ಕಡೆ ಬದಲಿಸಿದೆ ಅಂದುಕೊಂಡ ಹೆಸರು ಹತ್ತು ಕಡೆ ಹಾಗೇ ಉಳಿಯುತ್ತದೆ. ಇನ್‌ಡಿಸೈನ್‌ನಲ್ಲಿ (ಪುಟ ಕಟ್ಟುವ ಇನ್ನೊಂದು ತಂತ್ರಾಂಶ) ಯೂನಿಕೋಡನ್ನೇ ಇಡುವ ಅಂಗಡಿ ಸಿಕ್ಕರೆ ಅರ್ಧ ತಲೆನೋವು ಕಡಿಮೆ. ಅಲ್ಲಿ ನಮ್ಮ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡಿದ್ದಾರಾ ಕೇಳಿ, ಇಲ್ಲದಿದ್ದರೆ ಒತ್ತಕ್ಷರ ಒಡೆದು ಬರುತ್ತವೆ.

ಪ್ರಕಾಶಕರ ವಿಷಯ. ಧಾರವಾಡದಲ್ಲಿ 1933ರಿಂದ ಮನೋಹರ ಗ್ರಂಥಮಾಲೆ ಇದೆ, ಹುಬ್ಬಳ್ಳಿಯಲ್ಲಿ ಸಾಹಿತ್ಯ ಪ್ರಕಾಶನ ಇದೆ, ಬೆಂಗಳೂರಿನವರು ಇದ್ದೇ ಇದ್ದಾರೆ. ಕನ್ನಡದಲ್ಲಿ ಏಜೆಂಟರ ರೂಢಿ ಇಲ್ಲವೆನ್ನುವಷ್ಟು ಕಡಿಮೆ, ನೀವೇ ಕಳಿಸಬೇಕು. ಕಳಿಸುವ ಮೊದಲು ಅವರ ಇತ್ತೀಚಿನ ಹತ್ತು ಪುಸ್ತಕ ಕೈಯಲ್ಲಿ ಹಿಡಿದು ನೋಡಿ. ಒಂದು ಪುಟದ ಪತ್ರ, ಕೊನೆಯನ್ನೂ ಬಿಟ್ಟುಕೊಡುವ 300 ಪದದ ಸಾರಾಂಶ, ಮೊದಲ ಮೂರು ಅಧ್ಯಾಯ. ಎ4 ಹಾಳೆ, ಒಂದೇ ಬದಿ, 14 ಪಾಯಿಂಟ್, ಸಾಲಿನ ನಡುವೆ ಒಂದೂವರೆ ಅಂತರ. ಮೂರು ತಿಂಗಳು ಸುಮ್ಮನಿದ್ದು ಆಮೇಲೆ ಒಂದು ಫೋನು. ಸಾರಾಂಶದಲ್ಲಿ ‘ಮುಂದೇನಾಯಿತು ಎಂಬುದನ್ನು ಓದಿಯೇ ತಿಳಿಯಬೇಕು’ ಅಂತ ಬರೆದರೆ ಅದು ನೇರ ಕೆಳಗಿನ ಕಟ್ಟಿಗೆ ಹೋಗುತ್ತದೆ.

ಒಪ್ಪಂದ ಬಾಯಿಮಾತಿನಲ್ಲಿ ಬೇಡ. ಹಕ್ಕು ಬಿಟ್ಟುಕೊಡುವುದು ಬರಹದಲ್ಲೇ ಇರಬೇಕು ಅಂತ 1957ರ ಕೃತಿಸ್ವಾಮ್ಯ ಕಾಯ್ದೆ ಹೇಳುತ್ತದೆ. ಅವಧಿ ಬರೆದಿರದಿದ್ದರೆ ಐದು ವರ್ಷ ಅಂತ ಲೆಕ್ಕ, ಪ್ರದೇಶ ಬರೆದಿರದಿದ್ದರೆ ಭಾರತ ಮಾತ್ರ. ಬೇರೆ ಮಾತು ಇಲ್ಲದಿದ್ದರೆ, ಪಡೆದವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದೇ ಹೋದಲ್ಲಿ ಅದು ನಿಮಗೇ ಮರಳುತ್ತದೆ. ನಾನು ಬರೆಸಿದ್ದು ಹೀಗೆ: ಮೊದಲ ಮುದ್ರಣ ಎಷ್ಟು ಪ್ರತಿ, ಮುಖಬೆಲೆಯ ಮೇಲೆ ಶೇಕಡಾ 10 ಗೌರವಧನ, ಲೇಖಕರ ಪ್ರತಿ 25, ಇ-ಪುಸ್ತಕ, ಆಡಿಯೊ, ಅನುವಾದ, ಸಿನೆಮಾ ನನ್ನ ಬಳಿ. ‘ಇನ್ನೂರು ಪ್ರತಿ ನೀವೇ ಕೊಳ್ಳಿರಿ’ ಅನ್ನುವವರೂ ಸಿಗುತ್ತಾರೆ. ಅದು ಪ್ರಕಟಣೆಯ ಖರ್ಚು ನಿಮ್ಮ ಮೇಲೆ ಹಾಕುವ ಇನ್ನೊಂದು ದಾರಿ. ಒಪ್ಪುವುದಾದರೆ ಸ್ವಂತ ಪ್ರಕಟಿಸುವುದರ ಜೊತೆ ಹೋಲಿಸಿಯೇ ಒಪ್ಪಿ.

ಸ್ವಂತ ಪ್ರಕಟಿಸುವವರಿಗೆ ಗದಗ ಹತ್ತಿರ. ಮುದ್ರಣ ಕಾಶಿ ಅನ್ನುತ್ತಾರೆ ಸುಮ್ಮನೆ ಅಲ್ಲ. ಪ್ರೆಸ್ಸಿನವರಿಂದ ಒಟ್ಟು ಮೊತ್ತ ಕೇಳಬೇಡಿ, ಬಿಡಿಬಿಡಿಯಾಗಿ ಬರೆದುಕೊಡಲು ಹೇಳಿ: ಡಿಟಿಪಿ ಪುಟಕ್ಕೆ ಎಷ್ಟು, ಪ್ಲೇಟು, ಒಳಗೆ 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್ಲಿಥೋ ಕಾಗದ, ರಕ್ಷಾಪುಟಕ್ಕೆ 300 ಜಿಎಸ್‌ಎಂ ಆರ್ಟ್ ಬೋರ್ಡ್, ಮ್ಯಾಟ್ ಲ್ಯಾಮಿನೇಶನ್, ಬೈಂಡಿಂಗ್. 500 ಪ್ರತಿಗೂ 1000 ಪ್ರತಿಗೂ ಎರಡು ದರ ತಗೊಳ್ಳಿ. ಸಾವಿರದ ಬಿಡಿ ಪ್ರತಿ ಅಗ್ಗ, ಆದರೆ ಉಳಿದ ಆರುನೂರನ್ನು ಇಡುವ ಮನೆ ನಿಮ್ಮದು. ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆ) ಯಾರಿಗೂ ದುಡ್ಡು ಕೊಡಬೇಕಿಲ್ಲ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಆನ್‌ಲೈನ್‌ನಲ್ಲಿ ಉಚಿತವಾಗಿ ಕೊಡುತ್ತದೆ, ಲೇಖಕರೂ ಅರ್ಜಿ ಹಾಕಬಹುದು. ರಕ್ಷಾಪುಟ ಮುಗಿಯುವ ಮೊದಲೇ ಹಾಕಿ, ಬಾರ್‌ಕೋಡಿಗೆ ಜಾಗ ಬೇಕು.

ಬೆನ್ನಿನ ಅಗಲದಲ್ಲಿ ಎಲ್ಲರೂ ಎಡವುತ್ತಾರೆ. 240 ಪುಟ ಅಂದರೆ 120 ಹಾಳೆ, ಈ ಕಾಗದದಲ್ಲಿ 11 ಮಿಲಿಮೀಟರ್ ಆಸುಪಾಸು. ಕಲಾವಿದರು 15 ಇಟ್ಟು ವಿನ್ಯಾಸ ಮಾಡಿಕೊಟ್ಟರೆ ಬೆನ್ನಿನ ಹೆಸರು ಮುಖಪುಟದ ಅಂಚಿಗೆ ಜಾರುತ್ತದೆ. ಅದೇ ಕಾಗದದ 120 ಖಾಲಿ ಹಾಳೆ ಒತ್ತಿ ಹಿಡಿದು ಸ್ಕೇಲಿನಲ್ಲಿ ಅಳೆದು ಹೇಳಿ, ಮತ್ತು ಆಮೇಲೆ ಕಾಗದ ಬದಲಿಸಲು ಬಿಡಬೇಡಿ.

ಕರಡು ಮೂರು ಸಲ. ಮೊದಲನೆಯದು ಹಸ್ತಪ್ರತಿ ಪಕ್ಕದಲ್ಲಿಟ್ಟುಕೊಂಡು, ಬಿಟ್ಟುಹೋದ ಸಾಲು ಹಿಡಿಯಲು. ಎರಡನೆಯದು ಕೊನೆಯ ಪುಟದಿಂದ ಹಿಂದಕ್ಕೆ, ಸ್ಕೇಲು ಅಡ್ಡ ಇಟ್ಟು. ಕಥೆ ಎಳೆಯದಿದ್ದಾಗ ಮಾತ್ರ ಥ-ಧ, ಘ-ಫ ಅದಲುಬದಲಾದದ್ದು ಕಾಣುತ್ತದೆ. ಮೂರನೆಯದರಲ್ಲಿ ಓದುವುದೇ ಇಲ್ಲ: ಪುಟಸಂಖ್ಯೆ, ಅಧ್ಯಾಯದ ತಲೆಬರಹ, ಎರಡನೇ ಕರಡಿನ ತಿದ್ದುಪಡಿ ಆಗಿದೆಯಾ, ತಿದ್ದಿದ ಸಾಲಿನ ಪಕ್ಕದ ಸಾಲು ಕೆಟ್ಟಿದೆಯಾ, ಅಷ್ಟೇ. ಹೊಸ ತಪ್ಪು ಹುಟ್ಟುವುದು ಅಲ್ಲೇ.

ಪುಸ್ತಕ ಬಂದ ಮೇಲೆ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಯ ಗ್ರಂಥಾಲಯಗಳಿಗೂ ಪ್ರತಿ ಕಳಿಸುವುದು 1954ರ ಕಾಯ್ದೆ ಪ್ರಕಾರ ಪ್ರಕಾಶಕರ ಹೊಣೆ, ಪ್ರಕಾಶಕರು ನೀವೇ ಆದರೆ ನಿಮ್ಮದು. ಡಿಸೆಂಬರ್ ಕೊನೆಗೆ ಅಚ್ಚು ಹಾಕಿಸಬೇಡಿ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನದಂಥವು ಇಸವಿ ನೋಡುತ್ತವೆ. ಹತ್ತು ದಿನದ ಆಸೆಗೆ ಪುಸ್ತಕ ಹಳೆ ವರ್ಷದ್ದಾಗುತ್ತದೆ. ಅಂಗಡಿಗೆ ಶೇಕಡಾ 30ರಿಂದ 40 ಕಮಿಷನ್ ಹೋಗುತ್ತದೆ ಅಂತ ಹಿಡಿದೇ ಬೆಲೆ ಇಡಿ, ಕೊಟ್ಟ ಪ್ರತಿಗೆ ಸಹಿ ಹಾಕಿಸಿದ ಚೀಟಿ ಇಟ್ಟುಕೊಳ್ಳಿ. ಬಿಡುಗಡೆ ಸಮಾರಂಭದ ಬಗ್ಗೆ ಹೇಳುವುದೇನಿಲ್ಲ, ವೇದಿಕೆ ಮೇಲೆ ಮೂವರಿಗಿಂತ ಹೆಚ್ಚು ಬೇಡ.

ಪ್ರೆಸ್ಸಿನ ಬಾಕಿ ಕೊಡುವ ದಿನ ಪಿಡಿಎಫ್ ಜೊತೆ ತೆರೆದ ಫೈಲು, ಫಾಂಟು, ರಕ್ಷಾಪುಟದ ಮೂಲ ಎಲ್ಲ ಪೆನ್‌ಡ್ರೈವಿನಲ್ಲಿ ಇಸಿದುಕೊಳ್ಳಿ, ಅಲ್ಲೇ ತೆಗೆದು ನೋಡಿ. ಒಂದು ಪ್ರತಿಯ ಮೇಲೆ ‘ತಿದ್ದುಪಡಿ’ ಅಂತ ಬರೆದು ಬೇರೆ ಇಡಿ. ಓದಿದವರು ಫೋನಿನಲ್ಲಿ ಹೇಳುವ ತಪ್ಪುಗಳನ್ನು ಅದರಲ್ಲೇ ಗುರುತು ಹಾಕುತ್ತ ಹೋಗಬಹುದು. ನನ್ನದರಲ್ಲಿ ಈವರೆಗೆ 37 ಆಗಿವೆ, ಬುತ್ತಿಯ ಸಾಲು ಅದರಲ್ಲಿಲ್ಲ.