ಬರವಣಿಗೆ ಕ್ಲಾಸಿನ ಪ್ರಬಂಧಕ್ಕೆ ಎಂಎಲ್‌ಎ ಫಾರ್ಮ್ಯಾಟ್: ನನ್ನ ಅನುಭವ

ಅಮೆರಿಕದ ಕಾಲೇಜಿಗೆ ಏನೇ ಓದಲು ಹೋಗಿ, ಮೊದಲ ವರ್ಷ ಸಾಮಾನ್ಯವಾಗಿ ಒಂದು ಬರವಣಿಗೆ ಕ್ಲಾಸ್ ಇದ್ದೇ ಇರುತ್ತದೆ. ಕಂಪ್ಯೂಟರ್ ಸೈನ್ಸ್ ಓದಲು ಹೋದ ನನಗೂ ಇತ್ತು. ಸಿಲಬಸ್‌ನಲ್ಲಿ ‘ಎಂಎಲ್‌ಎ, 9ನೇ ಆವೃತ್ತಿ’ ಎಂದಷ್ಟೇ ಬರೆದಿತ್ತು. ಪ್ರಬಂಧದ ಪುಟ ಹೇಗಿರಬೇಕು, ಉಲ್ಲೇಖ ಹೇಗೆ ಕೊಡಬೇಕು ಎಂದು ಹೇಳುವ, ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ (ಎಂಎಲ್‌ಎ) 2021ರಲ್ಲಿ ತಂದ ಕೈಪಿಡಿ ಅದು.

ಪ್ರಬಂಧದ ಒಂದು ಸಾಲೂ ಬರೆಯುವ ಮೊದಲೇ ವರ್ಡ್‌ನಲ್ಲಿ ಖಾಲಿ ಫೈಲೊಂದನ್ನು ಸಿದ್ಧ ಮಾಡಿಕೊಂಡೆ. ಊರಿಂದ ಒಯ್ದ ಲ್ಯಾಪ್‌ಟಾಪ್‌ನಲ್ಲಿ ಕಾಗದದ ಅಳತೆ ಎ4 ಇತ್ತು. ಅಲ್ಲಿ ಬಳಸುವುದು 8.5x11 ಇಂಚಿನ ಲೆಟರ್, ಹಾಗಾಗಿ ಮೊದಲು ಅದನ್ನು ಬದಲಿಸಿದೆ. ಸುತ್ತ 1 ಇಂಚು ಮಾರ್ಜಿನ್, ಟೈಮ್ಸ್ ನ್ಯೂ ರೋಮನ್ 12. ಕಂಟ್ರೋಲ್ ಹಿಡಿದು 2 ಒತ್ತಿದರೆ ಡಬಲ್ ಸ್ಪೇಸಿಂಗ್ ಬರುತ್ತದೆ. ಆದರೆ ಪ್ಯಾರಾ ಮುಗಿದಾಗಲೆಲ್ಲ ವರ್ಡ್ ತಾನಾಗಿ ಇನ್ನಷ್ಟು ಜಾಗ ಬಿಡುತ್ತದೆ. ಪ್ಯಾರಾಗ್ರಾಫ್ ಸೆಟ್ಟಿಂಗ್‌ಗೆ ಹೋಗಿ ಅದನ್ನು ಸೊನ್ನೆ ಮಾಡಲೇಬೇಕು. ಸಾಲುಗಳ ನಡುವೆ ಅಷ್ಟು ಜಾಗ ಏಕೆ ಎಂಬುದು ತಿದ್ದಿದ ಪ್ರತಿ ಕೈಗೆ ಬಂದಾಗ ತಿಳಿಯಿತು: ಪ್ರೊಫೆಸರ್ ಸಾಲಿನ ಮೇಲೆಯೇ ಪ್ರಶ್ನೆ ಬರೆದಿದ್ದರು. ಆ ಪ್ರಶ್ನೆಗಳಿಂದ ನಾನು ಕಲಿತದ್ದು ಬಹಳ.

ಮೊದಲ ಪುಟದ ಎಡಗಡೆ ನನ್ನ ಹೆಸರು, ಪ್ರೊಫೆಸರ್ ಹೆಸರು, ಕೋರ್ಸ್, ದಿನಾಂಕ. ದಿನಾಂಕದಲ್ಲಿ ನಮ್ಮಲ್ಲಿಯಂತೆಯೇ ದಿನ ಮೊದಲು, ತಿಂಗಳು ಆಮೇಲೆ. ಶೀರ್ಷಿಕೆ ನಡುವೆ, ಬೋಲ್ಡ್ ಬೇಡ, ಅಡಿಗೆರೆ ಬೇಡ. ಪ್ರತಿ ಪುಟದ ಬಲ ಮೇಲ್ತುದಿಗೆ ಲಾಸ್ಟ್ ನೇಮ್ ಮತ್ತು ಪುಟಸಂಖ್ಯೆ. ಇನಿಷಿಯಲ್ ಇಟ್ಟುಕೊಂಡು ಬೆಳೆದ ನಮ್ಮಂಥವರಿಗೆ ಲಾಸ್ಟ್ ನೇಮ್ ಯಾವುದು ಎಂಬುದೇ ಪ್ರಶ್ನೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದದ್ದರಿಂದ ಕಾಲೇಜಿನ ದಾಖಲೆಯಲ್ಲಿ ನಮ್ಮೂರ ಹೆಸರೇ ನನ್ನ ಲಾಸ್ಟ್ ನೇಮ್ ಆಗಿತ್ತು. ಹೆಡರ್‌ನಲ್ಲೂ ಅದನ್ನೇ ಹಾಕಿದೆ. ಹಾಜರಿ ಪಟ್ಟಿಯಲ್ಲಿರುವ ಹೆಸರೇ ಪುಟದ ಮೇಲೂ ಇದ್ದರೆ ಗೊಂದಲವಿಲ್ಲ.

ಹೆಚ್ಚು ತಾಳ್ಮೆ ಬೇಡುವುದು ಕೊನೆಯ ಪುಟ, ‘ವರ್ಕ್ಸ್ ಸೈಟೆಡ್’, ಅಂದರೆ ಉಲ್ಲೇಖಿಸಿದ ಕೃತಿಗಳ ಪಟ್ಟಿ. ಪ್ರತಿ ಉಲ್ಲೇಖದ ಮೊದಲ ಸಾಲು ಅಂಚಿಗೆ, ಉಳಿದವು ಅರ್ಧ ಇಂಚು ಒಳಗೆ. ಸ್ಪೇಸ್ ಒತ್ತಿ ಒತ್ತಿ ಜೋಡಿಸಿದರೆ ಒಂದು ಪದ ತಿದ್ದಿದರೂ ಎಲ್ಲ ಕದಡಿಹೋಗುತ್ತದೆ. ಕಂಟ್ರೋಲ್ ಜೊತೆ ಟಿ ಒತ್ತಿದರೆ ಸಾಕು. ಕನ್ನಡ ಸಣ್ಣಕತೆಗಳ ಬಗ್ಗೆ ಬರೆದಾಗ ನಮ್ಮ ಲೇಖಕರ ಹೆಸರನ್ನು ಒಂದೊಂದಾಗಿ ಯೋಚಿಸಬೇಕಾಯಿತು. ಯು. ಆರ್. ಅನಂತಮೂರ್ತಿ ಅವರದು ‘ಅನಂತಮೂರ್ತಿ, ಯು. ಆರ್.’ ಎಂದಾಗುತ್ತದೆ. ಕುವೆಂಪು ಕಾವ್ಯನಾಮ, ತಿರುಗಿಸುವಂಥದ್ದೇನೂ ಇಲ್ಲ, ಹಾಗೆಯೇ ಇರಲಿ. ಕನ್ನಡ ಪುಸ್ತಕದ ಹೆಸರನ್ನು ರೋಮನ್ ಅಕ್ಷರದಲ್ಲಿ ಇಟಾಲಿಕ್ ಮಾಡಿ, ಪಕ್ಕದಲ್ಲಿ ಚೌಕಾವರಣದೊಳಗೆ ಇಂಗ್ಲಿಷ್ ಅರ್ಥ ಕೊಟ್ಟೆ. ಕನ್ನಡದ ಹೆಸರು ಅಲ್ಲಿ ಸರಿಯಾಗಿ ದಾಖಲಾಗಬೇಕು ಎಂಬುದು ನನಗೆ ಅಂಕಕ್ಕಿಂತ ಮುಖ್ಯವಾಗಿತ್ತು.

ಪ್ರಬಂಧದ ಸಾಲುಗಳ ಒಳಗೆ ಕೊಡುವ ಉಲ್ಲೇಖ ಸುಲಭ. ಆವರಣದೊಳಗೆ ಲೇಖಕರ ಲಾಸ್ಟ್ ನೇಮ್, ಪುಟಸಂಖ್ಯೆ. ನಡುವೆ ಅಲ್ಪವಿರಾಮ ಬೇಡ. ಉದ್ಧರಿಸಿದ ಗದ್ಯ ನಾಲ್ಕು ಸಾಲು ಮೀರಿದರೆ ಉದ್ಧರಣ ಚಿಹ್ನೆ ತೆಗೆದು ಇಡೀ ಭಾಗವನ್ನು ಅರ್ಧ ಇಂಚು ಒಳಗೆ ತಳ್ಳಬೇಕು.

ಸಲ್ಲಿಸುವ ಮುನ್ನ ಪಿಡಿಎಫ್ ಮಾಡಿ, ಪ್ರಬಂಧದೊಳಗೆ ಬಂದ ಪ್ರತಿ ಹೆಸರೂ ಕೊನೆಯ ಪುಟದಲ್ಲಿದೆಯೇ ಎಂದು ಬೆರಳಿಟ್ಟು ನೋಡುತ್ತಿದ್ದೆ. ನಿಮ್ಮ ಪ್ರೊಫೆಸರ್ ಬೇರೆ ಫಾಂಟ್ ಅಥವಾ ಪ್ರತ್ಯೇಕ ಮುಖಪುಟ ಕೇಳಿದ್ದರೆ ಕೈಪಿಡಿ ಬದಿಗಿಟ್ಟು ಅವರು ಹೇಳಿದಂತೆಯೇ ಮಾಡಿ.